ಪೆಟ್ಟಿಗೆಯ ಅಡಿಗೊಂದು ತೂತು

ಮೊನ್ನೆ ತದಡಿಗೆ ಹೋಗಿದ್ದೆನಲ್ಲ, ನನ್ನ ತಮ್ಮನ ಮೊಮ್ಮಗುವಿಗೆ ಹೆಸರಿಡುವ ದಿನ. ಊಟ ಮುಗಿದ ಮೇಲೆ ಹೆಂಗಸರೆಲ್ಲ ಎಲೆ ಅಡಿಕೆ ಹಿಡಿದು ಕುಳಿತರು. ಅಷ್ಟು ಜನರ ನಡುವೆ ಕುಳಿತು ಮಾತಾಡುವುದು ನನಗೆ ಇವತ್ತಿಗೂ ಆಗುವುದಿಲ್ಲ. ಮೆಲ್ಲಗೆ ಎದ್ದು ಬಂದರಿನ ಕಡೆ ಹೋದೆ. ಅಲ್ಲಿ ಈಗ ಫೈಬರಿನ ದೋಣಿಗಳೇ ಹೆಚ್ಚು. ಆದರೆ ಒಂದು ಹಳೆಯ ಮರದ ದೋಣಿಯನ್ನು ಮಗುಚಿ ಹಾಕಿದ್ದರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ರಾಳ ಕುದಿಯುತ್ತಿತ್ತು. ರಾಳ ಅಂದರೆ ಮರದ ಅಂಟು. ಅದನ್ನು ಪುಡಿ ಮಾಡಿ ಎಣ್ಣೆಯಲ್ಲಿ ಕಾಯಿಸಿ, ಹತ್ತಿಗೆ ಮೆತ್ತಿ, ಹಲಗೆ ಹಲಗೆಯ ನಡುವಿನ ಸಂದಿಗೆ ಹೊಡೆಯುತ್ತಾರೆ. ಆಮೇಲೆ ಕಡಲಿನ ನೀರು ಒಳಗೆ ಬರುವುದಿಲ್ಲ.

ಆ ವಾಸನೆ ಮೂಗಿಗೆ ಹೊಡೆದದ್ದೇ ನನಗೆ ನೆನಪಾದದ್ದು ದೋಣಿಯಲ್ಲ, ಟೀವಿ. ನೀವು ನಗುತ್ತೀರಿ. ಮಳೆ ಜೋರಾದಾಗ ಮಹಡಿಯ ಮೇಲಿನ ಪುಟ್ಟ ಡಿಶ್ ಬುಟ್ಟಿ ಕೈಕೊಟ್ಟು ಟೀವಿ ನಿಂತರೆ, "ಅಜ್ಜೀ, ಸಿಗ್ನಲ್ ಹೋತು" ಎಂದು ನನ್ನ ಮೇಲೇ ಸಿಟ್ಟು ಮಾಡುತ್ತೀರಿ. ಆ ಬುಟ್ಟಿಯ ಅಜ್ಜನಂಥ ಒಂದು ಬುಟ್ಟಿ ನಮ್ಮ ಅಂಗಳದಲ್ಲಿ ಒಂದು ಮಳೆಗಾಲ ಪೂರ್ತಿ ನೆನೆದ ಕಥೆ ಇದು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಬರೆದಿಡುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಿಮ್ಮ ಅಪ್ಪ ಆಗ ತೊಟ್ಟಿಲಲ್ಲಿದ್ದ. ನಮ್ಮ ಮನೆ ಹೊನ್ನಾವರದಿಂದ ಹೊಳೆ ದಾಟಿದ ಮೇಲೆ, ಶರಾವತಿ ಕಡಲು ಸೇರುವ ಬದಿಯ ಹೊಯ್ಗೆಯಲ್ಲಿ, ಅಂದರೆ ಮರಳಿನ ನೆಲದಲ್ಲಿ. ಮನೆಯ ಗಂಡಸರೆಲ್ಲ ದೋಣಿಯವರು. ನಿಮ್ಮ ಅಜ್ಜ ಒಬ್ಬರೇ ಬೇರೆ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಕಲಿತು ಬಂದು, ಹೊನ್ನಾವರದ ಪೇಟೆಯಲ್ಲಿ ಒಂದು ಗೂಡಂಗಡಿಯಷ್ಟು ಜಾಗದಲ್ಲಿ ಕುಳಿತಿದ್ದರು. ಮಾವನಿಗೆ, ಅಂದರೆ ಅಜ್ಜನ ಅಪ್ಪನಿಗೆ, ಅದು ಸರಿ ಬಂದಿರಲಿಲ್ಲ. ಮಾವ ಹೆಸರಾದ ದೋಣಿ ಕೆಲಸದವರು. ಮಂಕಿಯಿಂದ ತದಡಿಯವರೆಗೆ ಯಾರ ದೋಣಿ ಸೋರಿದರೂ ಅವರಿಗೇ ಕರೆ. ಸ್ವಂತದ ದೋಣಿಯೂ ಇತ್ತು. ಮಗ ಅದನ್ನು ಹತ್ತಬೇಕು ಎನ್ನುವುದು ಅವರ ಆಸೆ.

ನನ್ನ ಆಸೆ ಅದರ ಉಲ್ಟಾ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಅಪ್ಪ ತದಡಿಯಿಂದ ಕಡಲಿಗೆ ಹೋದವನು ಬರಲಿಲ್ಲ. ನಾನಾಗ ಸಣ್ಣವಳು. ಅದಕ್ಕೇ ಸಂಬಂಧ ಬಂದಾಗ "ಹುಡ್ಗ ರೇಡಿಯೋ ಅಂಗಡಿಯವ, ನೆಲದ ಮೇಲೇ ಇರ್ತಾ" ಎಂದು ಅವ್ವ ಒಂದೇ ಮಾತಿಗೆ ಹೂಂ ಅಂದಿದ್ದಳು.

ಆಗ ನಮ್ಮ ಕಡೆ ಟೀವಿ ಇದ್ದರೂ ಇಲ್ಲದ ಹಾಗೆ. ಕಂಬದ ಮೇಲೆ ಎಷ್ಟು ಎತ್ತರ ಏರಿಸಿದರೂ ಇರುವೆ ಓಡಿದ ಹಾಗೆ ಚುಕ್ಕಿ, ಅದರ ಹಿಂದೆ ಯಾರೋ ನಿಂತ ಹಾಗೆ ಒಂದು ನೆರಳು. ಆಕಾಶದಲ್ಲಿ ನಿಂತಿರುವ ಉಪಗ್ರಹದಿಂದ ನೇರವಾಗಿ ಚಿತ್ರ ಹಿಡಿಯಬಹುದು ಎಂದು ನಿಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ನೋಡಿ ಬಂದಿದ್ದರು. ಕಬ್ಬಿಣದ ಪಟ್ಟಿ ಬಗ್ಗಿಸಿ, ಮೇಲೆ ಕೋಳಿಗೂಡಿಗೆ ಹಾಕುವ ತಂತಿಯ ಜಾಲರಿ ಬಿಗಿದು, ಒಂದು ದೊಡ್ಡ ಬುಟ್ಟಿ ಮಾಡುವುದು. ಬುಟ್ಟಿಯ ನಡುವೆ ಮೇಲೆ, ಮೂರು ಕಾಲಿನ ಮೇಲೆ ಒಂದು ಪೆಟ್ಟಿಗೆ ನಿಲ್ಲಿಸುವುದು. ಮೇಲಿನಿಂದ ಬರುವ ಸಂಗತಿ ಅಷ್ಟು ಸಣ್ಣದಂತೆ, ಮೀನುಪೇಟೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಬುಟ್ಟಿ ಅದನ್ನು ಒಟ್ಟು ಮಾಡಿ ಪೆಟ್ಟಿಗೆಗೆ ಕೊಡುತ್ತದೆ. ಪೆಟ್ಟಿಗೆ ಅದನ್ನು ದೊಡ್ಡದು ಮಾಡಿ, ವಾಯರಿನಲ್ಲಿ ಮನೆಯೊಳಗಿನ ಇನ್ನೊಂದು ಪೆಟ್ಟಿಗೆಗೆ ಕಳಿಸುತ್ತದೆ. ಅಲ್ಲಿಂದ ಟೀವಿಗೆ. ನನಗೆ ಅವರು ಹೇಳಿಕೊಟ್ಟದ್ದು ಇಷ್ಟು.

"ಒಂದು ಮಾಡಿ ತೋರಿಸಿದ್ರೆ ಭಟ್ಕಳದಿಂದ ಕುಮಟೆವರೆಗೆ ಮನೆಮನೆಗೆ ಕೇಳ್ತಾರೆ" ಎಂದರು ನಿಮ್ಮ ಅಜ್ಜ.

ಮಾವ ಬಲೆ ಸರಿ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ನಮ್ಮ ಮಳೆಗೆ ಕಬ್ಬಿಣವೇ ಕರಗ್ತದೆ. ನಿನ್ನ ಪೆಟ್ಟಿಗೆ ಎಷ್ಟು ದಿವಸ ಬಾಳ್ತದೆ?"

"ಮಳೆಗಾಲ ಪೂರ್ತಿ ಬಾಳ್ತದೆ."

"ಹೌದಾ? ಆತು ಹಂಗಾರೆ. ನೂಲು ಹುಣ್ಣಿಮೆ ದಿವಸ ಕಡಲಿಗೆ ಕಾಯಿ ಬಿಟ್ಟು ಬಂದ ಸಂಜೆ ಅದರಲ್ಲಿ ಚಿತ್ರ ಬಂದ್ರೆ, ಅಂಗಡಿ ನಿಂದು, ನಾ ಇನ್ನು ಬಾಯಿ ಬಿಡೂದಿಲ್ಲ. ಬರದಿದ್ರೆ ಮಾರನೇ ದಿವಸ ದೋಣಿ ಹತ್ತೂದು."

ಮಳೆಗಾಲದ ಆರ್ಭಟ ಇಳಿದು ಕಡಲು ಮತ್ತೆ ದೋಣಿಗಳನ್ನು ಒಳಗೆ ಬಿಟ್ಟುಕೊಳ್ಳುವ ದಿನ ಅದು. ಅಷ್ಟರೊಳಗೆ ಮೂರು ತಿಂಗಳ ಮಳೆ ಸುರಿದಿರುತ್ತದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಬೇಡ ಅನ್ನಲಿ, ಬೇಡ ಅನ್ನಲಿ ಎಂದುಕೊಂಡೆ.

"ಆತು" ಎಂದರು ನಿಮ್ಮ ಅಜ್ಜ.

ಪೆಟ್ಟಿಗೆ ತರಲು ಭಟ್ಕಳಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಇಸ್ಮಾಯಿಲ್ ಸಾಹೇಬರ ಅಂಗಡಿ. ಅವರ ಅಣ್ಣಂದಿರು ದುಬೈಯಲ್ಲಿದ್ದರು, ಅಂಗಡಿಯ ತುಂಬ ಅಲ್ಲಿಯ ಟೇಪ್ ರೆಕಾರ್ಡರು, ಟಾರ್ಚು, ಅತ್ತರಿನ ವಾಸನೆ. ಸಾಹೇಬರು ನನ್ನನ್ನು ನೋಡಿ "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದರು. ನಾನು ಕೂರದೆ ಕಂಬಕ್ಕೆ ಒರಗಿ ನಿಂತೆ.

ಎರಡು ಪೆಟ್ಟಿಗೆ ತೆಗೆದಿಟ್ಟರು. ಒಂದು ಬೊಂಬಾಯಿಯಲ್ಲಿ ಯಾರೋ ಜೋಡಿಸಿದ್ದು, ತೆಳು ತಗಡು, ನೀಲಿ ಬಣ್ಣ, ಮದುಮಗನ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಎರಕದ ಅಲ್ಯುಮಿನಿಯಮ್ಮು, ಬೂದಿ ಬಣ್ಣ, ಎತ್ತಿದರೆ ಕೈ ಜಗ್ಗುವಷ್ಟು ಭಾರ.

"ನೀಲಿಯದರಲ್ಲಿ ಪವರ್ ಜಾಸ್ತಿ ಗಣಪತಿ" ಎಂದು ಸಾಹೇಬರು ನಿಮ್ಮ ಅಜ್ಜನಿಗೆ ಹೇಳಿದರು. "ಚಿತ್ರ ಢಂ ಅಂತ ಬರ್ತದೆ."

"ಪವರ್ ಜಾಸ್ತಿ ಆದ್ರೆ ಗದ್ದಲವೂ ಜಾಸ್ತಿ ಆಗ್ತದಲ್ಲ ಸಾಹೇಬ್ರೆ. ಕೂಗೂದು ದೊಡ್ಡದಲ್ಲ, ಕೇಳೂದು ಸರಿ ಇರಬೇಕು."

"ಅದೂ ಹೌದು. ಇನ್ನೊಂದು ಕೇಳ್ತದೆ, ಕೂಗೂದಿಲ್ಲ. ಆದ್ರೆ ನೋಡೂಕೆ ಮುದುಕನ ಹಾಗೆ ಉಂಟು. ನಿಮ್ಮ ಮನೆಯವ್ರನ್ನೇ ಕೇಳಿ."

ನಿಮ್ಮ ಅಜ್ಜ ತಿರುಗಿ ನನ್ನ ಮುಖ ನೋಡಿದರು. ಅವರಿಗೂ ನೀಲಿಯದರ ಮೇಲೆ ಒಂದು ಕಣ್ಣಿತ್ತು, ನನಗೆ ಗೊತ್ತಾಗಿತ್ತು. ನಾನು ನೀಲಿ ಪೆಟ್ಟಿಗೆಯ ಮೂಲೆಯ ಸ್ಕ್ರೂ ಮೇಲೆ ಬೆರಳಿಟ್ಟು, ಬೆರಳನ್ನು ಅವರಿಗೆ ತೋರಿಸಿದೆ. ತುದಿಯಲ್ಲಿ ಕೆಂಪು. ಅಂಗಡಿಯೊಳಗೆ ಕುಳಿತೇ ತುಕ್ಕು ಹಿಡಿದಿತ್ತು.

ಸಾಹೇಬರು ನಕ್ಕುಬಿಟ್ಟರು. "ಮುಗೀತು! ಭಟ್ಕಳದ ಗಾಳಿಗೇ ಹೀಗಾದ್ರೆ ನಿಮ್ಮ ಹೊಯ್ಗೆಯಲ್ಲಿ ಎಂತ ಆಗ್ತದೆ! ತಕೊಂಡು ಹೋಗಿ ಮುದುಕನ್ನೇ."

ಒಳಗಿನಿಂದ ಅವರ ತಾಯಿ ನನಗೆಂದು ಶರಬತ್ತು ಕಳಿಸಿದರು. ವಾಪಸು ಬರುವಾಗ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಅತ್ತೆ ಅದನ್ನು ನೋಡಿದವರೇ, "ಇದೆಂತ ತಂದದ್ದು, ಹಿಟ್ಟು ರುಬ್ಬೂ ಕಲ್ಲಾ?" ಎಂದರು.

ಬುಟ್ಟಿ ಕಟ್ಟಿದ್ದು ಬೇಸಿಗೆಯ ಕೊನೆಗೆ. ಕುಮಟೆಯ ಒಬ್ಬ ಕಮ್ಮಾರನ ಹತ್ತಿರ ಪಟ್ಟಿ ಬಗ್ಗಿಸಿಕೊಂಡು ಬಂದರು. ಜಾಲರಿ ಬಿಗಿಯುವುದು ಮಾತ್ರ ಅಂಗಡಿಯ ಕೆಲಸ ಆಗಿರಲಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಕೇರಿಯ ಗಂಡಸರು ಸುತ್ತ ನಿಂತು ಚೇಷ್ಟೆ ಮಾಡಿದರು. "ಗಣಪತಿ ಆಕಾಶಕ್ಕೆ ಬಲೆ ಬೀಸ್ತಾ ಇದ್ದಾ. ಎಷ್ಟು ಬಂಗಡೆ ಬಿತ್ತೋ?" ಅವರೆಲ್ಲ ಹೋದ ಮೇಲೆ ನಾನು ಹೋಗಿ ಕುಳಿತೆ. ನಾನು ತದಡಿಯವಳು, ಬಲೆ ಹೆಣೆದ ಕೈ. ತಂತಿಯ ಎಳೆ ತೆಗೆದುಕೊಂಡು ಬಲೆಗೆ ಹಾಕುವ ಹಾಗೇ ಗಂಟು ಹಾಕುತ್ತ ಹೋದೆ. ಬೆರಳೆಲ್ಲ ಗೀರಿತು. ಆದರೆ ಉಬ್ಬು ಕುಳಿತಿತು. ನಿಮ್ಮ ಅಜ್ಜ ಅಂಗೈ ಆಡಿಸಿ ನೋಡಿ, "ನುಣ್ಣಗೆ ಬಂತು ಮಾರಾಯ್ತಿ" ಎಂದರು. ಆ ಮಾತು ನನಗೆ ಇನ್ನೂ ಹೊಸದಾಗಿಯೇ ಇದೆ.

ನಮ್ಮ ಕಡೆಗೆ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೇ, ಸ್ವಲ್ಪ ತೆಂಕಣಕ್ಕೆ. ಹಾಗಾಗಿ ಬುಟ್ಟಿ ಮೇಲಕ್ಕೆ ಮುಖ ಮಾಡಿ ಬಾಯಿ ತೆರೆದು ಮಲಗಿತ್ತು. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಅತ್ತೆ ಅದರ ತುಂಬ ಸಿಗಡಿ ಹರವಿ ಒಣಗಲು ಹಾಕಿಬಿಟ್ಟಿದ್ದರು. ಇಷ್ಟು ಒಳ್ಳೆಯ ಜಾಲರಿ, ಕೆಳಗಿನಿಂದ ಗಾಳಿ, ಮೇಲಿನಿಂದ ಬಿಸಿಲು, ನಾಯಿಗೆ ನಿಲುಕದ ಎತ್ತರ. ಕೇರಿಯ ಕಾಗೆಗಳೆಲ್ಲ ಬಂದು ಕುಳಿತಿದ್ದವು.

"ಅವ್ವಾ! ಅದು ಸಿಗಡಿ ಒಣಗಿಸೂ ತಟ್ಟಿ ಅಲ್ಲ!" ಎಂದು ನಿಮ್ಮ ಅಜ್ಜ ಕೂಗಿದರು.

"ಚಿತ್ರ ಬರೂದು ಸಂಜೆಗಲ್ದಾ? ಹಗಲು ಖಾಲಿ ಬಿದ್ಕಂಡದೆ. ಅಷ್ಟರೊಳಗೆ ನಂದು ಒಣಗ್ತದೆ."

ದಿಕ್ಕು ಹೊಂದಿಸಿದ್ದು ಇನ್ನೊಂದು ತಮಾಷೆ. ನಿಮ್ಮ ಅಜ್ಜ ಅಂಗಳದಲ್ಲಿ ಬುಟ್ಟಿಯನ್ನು ಕೂದಲೆಳೆಯಷ್ಟು ಸರಿಸುವುದು, ನಾನು ಒಳಗೆ ಟೀವಿಯ ಮುಂದೆ ಕುಳಿತು ಹೇಳುವುದು. ನನ್ನ ಸ್ವರ ಹೊಸ್ತಿಲು ದಾಟುತ್ತಿರಲಿಲ್ಲ. ಅತ್ತೆಯನ್ನು ನಡುಬಾಗಿಲಲ್ಲಿ ನಿಲ್ಲಿಸಿದೆವು. ನಾನು ಮೆಲ್ಲಗೆ "ಬಂತು" ಅಂದರೆ ಅವರು ಕೇರಿಗೆಲ್ಲ ಕೇಳುವ ಹಾಗೆ "ಬಂತಂತೆ!" ಎನ್ನುತ್ತಿದ್ದರು. "ಹೋತು" ಅಂದರೆ "ಹೋತಂತೆ!" ಮಾವ ಜಗಲಿಯಲ್ಲಿ ಬೀಡಿ ಸೇದುತ್ತ, "ಎಂತ ಬಂದದ್ದು, ಎಂತ ಹೋದದ್ದು, ಬಾಣಂತಿ ಕೋಣೆ ಆತು" ಎಂದು ಗೊಣಗುತ್ತಿದ್ದರು. ಕೊನೆಗೆ ವಾರ್ತೆ ಓದುವ ಒಬ್ಬ ಹೆಂಗಸಿನ ಮುಖ, ಚುಕ್ಕಿ ಇಲ್ಲದೆ, ಕಣ್ಣಿನ ಕಾಡಿಗೆಯೂ ಕಾಣುವ ಹಾಗೆ ನಿಂತಿತು. ಅತ್ತೆ ಹೇಳುವುದನ್ನು ಮರೆತು ಒಳಗೆ ಬಂದು ಕುಳಿತುಬಿಟ್ಟರು. ಅವಳು ಹೇಳುವ ಹಿಂದಿ ನಮಗೆ ಯಾರಿಗೂ ತಿಳಿಯಲಿಲ್ಲ.

ಇನ್ನು ಉಳಿದದ್ದು ಮಳೆ.

ವಾಯರು ಪೆಟ್ಟಿಗೆಗೆ ಸೇರುವಲ್ಲಿ ನಿಮ್ಮ ಅಜ್ಜ ಅದನ್ನು ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದು ಹಾಕಿದರು, ನೀರು ಇಳಿದು ಆ ಬಾಗಿನ ತುದಿಯಿಂದ ತೊಟ್ಟಿಕ್ಕಲಿ ಎಂದು. ಗಂಟಿಗೆ ಸೈಕಲ್ ಟ್ಯೂಬು ಸುತ್ತಿದರು. ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಇತ್ತು. ಇದನ್ನೆಲ್ಲ ನೋಡುತ್ತಿದ್ದ ಮಾವನಿಗೆ ತಡೆಯಲಾಗಲಿಲ್ಲ. ಪಂಥ ಕಟ್ಟಿದವರು ಅವರೇ. ಆದರೆ ಕಣ್ಣೆದುರು ಒಬ್ಬ ನೀರು ತಡೆಯಲು ಹೊರಟಾಗ ಸುಮ್ಮನಿರುವುದು ಅವರ ಜಾತಕದಲ್ಲಿ ಇರಲಿಲ್ಲ.

"ರಬ್ಬರು, ಟ್ಯೂಬು! ಮಕ್ಕಳಾಟ. ನೀರಿನ ವಿಷಯ ನಂಗೆ ಬಿಡು."

ಪೆಟ್ಟಿಗೆ ಇಳಿಸಿಕೊಂಡು ಅಂಗಳದಲ್ಲಿ ಒಲೆ ಹೂಡಿದರು. ರಾಳ ಕಾಯಿತು. ಅದೇ ವಾಸನೆ. ಹತ್ತಿಯ ಬತ್ತಿ ಹೊಸೆದು ಮುಚ್ಚಳದ ಸುತ್ತ ಉಳಿಯ ಹಿಂಬದಿಯಿಂದ ಮೆಲ್ಲಗೆ ತೂರಿಸಿ, ಮೇಲೆ ರಾಳ ಸವರಿದರು. ಪೆಟ್ಟಿಗೆಯನ್ನು ತಿರುಗಿಸಿ ಅಡಿ ನೋಡಿದವರು ಹೋ ಎಂದು ಕೂಗಿದರು. ಅಡಿಯಲ್ಲಿ ಮೂಲೆಗೆ ಜೋಳದ ಕಾಳಿನಷ್ಟು ಒಂದು ತೂತು.

"ನೋಡು, ನೋಡು! ಅಷ್ಟು ದೊಡ್ಡ ಕಾರ್ಖಾನೆಯವ, ಅಡಿಗೆ ತೂತು ಇಟ್ಟು ಕೊಟ್ಟಿದ್ದಾ! ಇಂಥದ್ದನ್ನು ನಂಬ್ಕಂಡು ನೀ ಪಂಥ ಕಟ್ಟಿದ್ಯಾ?"

ನಿಮ್ಮ ಅಜ್ಜನ ಮುಖ ಸಣ್ಣದಾಯಿತು. ಭಟ್ಕಳದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. "ಹೌದಲ್ಲ, ಎರಕದಲ್ಲೇ ಬಿಟ್ಟು ಹೋದದ್ದು ಕಾಣ್ತದೆ" ಎಂದರು. ಮಾವ ಹತ್ತಿಯ ಉಂಡೆ ರಾಳದಲ್ಲಿ ಅದ್ದಿ, ಆ ತೂತಿಗೆ ಜಡಿದು, ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಬುಟ್ಟಿಯ ಪಟ್ಟಿಗಳಿಗೆಲ್ಲ ದೋಣಿಗೆ ಹಚ್ಚುವ ಮೀನೆಣ್ಣೆ ಬಳಿದರು. ಕೇರಿಯ ಬೆಕ್ಕುಗಳು ಬಂದು ಬುಟ್ಟಿಯ ಕಂಬ ನೆಕ್ಕಿದವು.

ಮಳೆ ಹಿಡಿಯಿತು. ಆ ವರ್ಷದ ಮಳೆಯನ್ನು ನಾನು ಎಷ್ಟು ಹೇಳಲಿ. ಪಡುವಣದಿಂದ ಕಪ್ಪಾಗಿ ಬಂದು ಅಡ್ಡಡ್ಡ ಹೊಡೆಯುತ್ತಿತ್ತು. ತೆಂಗಿನ ಮಡಲಿನ ತಟ್ಟಿಯನ್ನೂ ಸೀಳಿಕೊಂಡು ಉಪ್ಪುನೀರಿನ ಹನಿ ಒಲೆಯವರೆಗೆ ಬರುತ್ತಿತ್ತು. ಕಬ್ಬಿಣದ ಚಿಲಕ, ಕತ್ತಿ, ಕೊಡಪಾನದ ಕಿವಿ ಎಲ್ಲ ಕೆಂಪು. ಆದರೂ ಸಂಜೆ ಕರೆಂಟು ಇದ್ದರೆ ಆ ಕಾಡಿಗೆಯ ಹೆಂಗಸು ಬರುತ್ತಿದ್ದಳು. ಕೇರಿಯವರು ಒದ್ದೆ ಕಂಬಳಿ ಕೊಪ್ಪೆ ಹೊರಗೆ ಬಿಟ್ಟು ಒಳಗೆ ಕಿಕ್ಕಿರಿದು ಕುಳಿತುಕೊಳ್ಳುತ್ತಿದ್ದರು. ಚೇಷ್ಟೆ ಮಾಡಿದವರೇ ಮುಂದಿನ ಸಾಲಿನಲ್ಲಿ. ಮಾವ ಮಾತ್ರ ಜಗಲಿಯಲ್ಲಿ. ಆದರೆ ಯಾರಾದರೂ "ಇಷ್ಟು ಮಳೆಗೂ ಎಂತ ಆಗ್ಲಿಲ್ಲ ಮಾರಾಯಾ" ಎಂದರೆ, ಜಗಲಿಯಿಂದ ಒಂದು ಕೆಮ್ಮು ಕೇಳುತ್ತಿತ್ತು. ರಾಳ ಯಾರದ್ದು ಎಂದು ನೆನಪಿಸುವ ಕೆಮ್ಮು.

ನಾನು ದಿನವೂ ಮಗುವಿಗೆ ಹಾಲು ಕುಡಿಸುತ್ತ ಕಿಟಕಿಯಿಂದ ಪೆಟ್ಟಿಗೆಯನ್ನು ನೋಡುತ್ತಿದ್ದೆ. ಕೆಳಗೆ ಕಡಲು ಮೊರೆಯುತ್ತಿತ್ತು. ನನ್ನ ಪಾಲಿಗೆ ಆ ಬೂದಿ ಬಣ್ಣದ ಪೆಟ್ಟಿಗೆ ಟೀವಿಯದ್ದಾಗಿರಲಿಲ್ಲ.

ಆಷಾಢದಲ್ಲಿ ಮಳೆ ಬಿಟ್ಟು ನಾಲ್ಕು ದಿನ ಹೊಳವಾಯಿತು. ಸುಡುವ ಬಿಸಿಲು, ನಡುವೆ ಥಟ್ಟನೆ ಒಂದು ಮಳೆ, ಮತ್ತೆ ಬಿಸಿಲು. ಜಡಿಮಳೆಗೆ ಜಗ್ಗದ ಚಿತ್ರ ಆ ಹೊಳವಿನಲ್ಲಿ ಮಸುಕಾಯಿತು. ಒಂದು ಸಂಜೆ ಕಾಡಿಗೆಯ ಹೆಂಗಸಿನ ಮುಖದ ಮೇಲೆ ಇರುವೆ ಹರಿದವು. ಮರುದಿನ ಅವಳೇ ಇಲ್ಲ.

ಏಣಿ ಹಾಕಿ ಪೆಟ್ಟಿಗೆ ಇಳಿಸಿ, ರಾಳ ಕೆತ್ತಿ ಮುಚ್ಚಳ ತೆಗೆದರು. ಒಳಗೆ ನೀರು. ಒಂದು ಚಮಚದಷ್ಟು ಅಡಿಯಲ್ಲಿ ನಿಂತಿತ್ತು, ಗೋಡೆಯ ಮೇಲೆಲ್ಲ ಹನಿ. ಸಣ್ಣ ಸಣ್ಣ ಬೆಸುಗೆಗಳ ಮೇಲೆ ಹಸುರು ಕಿಲುಬು.

ಮಾವ ಬಂದು ನೋಡಿದರು. ಅವರ ಮುಖ ನೋಡಲು ಆಗಲಿಲ್ಲ. ಗೆದ್ದೆ ಎನ್ನುವ ಕಳೆ ಅದರಲ್ಲಿ ಇರಲಿಲ್ಲ. "ನಾ ಹೊಡೆದ ರಾಳ ಸೋರೂದಿಲ್ಲ" ಎಂದರು. ಯಾರೂ ಸೋರಿತು ಅಂದಿರಲಿಲ್ಲ. "ಇಷ್ಟು ವರ್ಷದಲ್ಲಿ ನಾ ಹೊಡೆದದ್ದು ಸೋರಿದ್ದಿಲ್ಲ" ಎಂದು ಮತ್ತೆ ಹೇಳಿದರು. ಮುಚ್ಚಳ ಮತ್ತೆ ಕೂರಿಸಿ, ಬಿಗಿದು, ಸಂದಿಗೆ ರಾಳ ತುಂಬಿ, ಪೆಟ್ಟಿಗೆಯನ್ನು ಬಾನಿಯ ನೀರಿನಲ್ಲಿ ಮುಳುಗಿಸಿ ಹಿಡಿದರು. ಒಂದು ಗುಳ್ಳೆ ಏಳಲಿಲ್ಲ. ತೆಗೆದು ಒರೆಸಿ ಬಿಚ್ಚಿದರೆ, ಹೊರಗಿನ ನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

"ಮತ್ತೆ ಆ ನೀರು ಬಂದದ್ದು ಎಲ್ಲಿಂದ?" ಎಂದರು ನಿಮ್ಮ ಅಜ್ಜ. ಅಪ್ಪ ಮಗ ಇಬ್ಬರೂ ಜಗಲಿಯ ಮೇಲೆ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಕುಳಿತರು, ಶವ ಕಾಯುವವರ ಹಾಗೆ.

ನಾನು ಒಳಗೆ ಗಂಜಿ ಇಳಿಸಿ ಮುಚ್ಚಿಟ್ಟಿದ್ದೆ. ಮುಚ್ಚಳ ಎತ್ತಿದಾಗ ಅದರ ಒಳಮೈಯಿಂದ ನೀರು ನನ್ನ ಪಾದದ ಮೇಲೆ ಬಿತ್ತು. ದಿನಾ ಬೀಳುವ ನೀರೇ. ಅವತ್ತು ಮಾತ್ರ ನಿಂತು ನೋಡಿದೆ. ಮಾವನ ಎದುರು ಸೊಸೆ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರಿಗೆ ನನ್ನಿಂದ ಏನಾದರೂ ಬೇಕಾದರೆ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ. ಅತ್ತೆ ಹೊನ್ನಾವರದ ಸಂತೆಗೆ ಹೋಗಿದ್ದರು. ನಾನು ಸೆರಗು ಸರಿ ಮಾಡಿಕೊಂಡು ಜಗಲಿಗೆ ಬಂದು, ಆ ಮುಚ್ಚಳವನ್ನು ಅಂಗಾತ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ಒಳಗೆ ಓಡಿದೆ.

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಇಬ್ಬರೂ ಮುಚ್ಚಳದ ಹನಿ ನೋಡಿದರು, ಪೆಟ್ಟಿಗೆಯ ಹನಿ ನೋಡಿದರು. ಮೊದಲು ಹೇಳಿದವರು ಮಾವನೇ.

"ಬೆವರು."

"ಹೌದು ಅಪ್ಪಾ. ಬಿಸಿಲಿಗೆ ಒಳಗಿನ ಗಾಳಿ ಕಾದದ್ದು, ಮೇಲೆ ಮಳೆ ಬಿದ್ದು ತಣಿದದ್ದು. ಬೆವರಿ ನೀರಾತು, ಹೋಗೂಕೆ ದಾರಿ ಇಲ್ಲ."

"ಹಂಗಾರೆ ಆ ತೂತು..."

ಬೆವರು ಇಳಿದು ಹೋಗಲೆಂದೇ ಕಾರ್ಖಾನೆಯವ ಬಿಟ್ಟಿದ್ದ ದಾರಿ ಅದು. ಮಾವ ಎದ್ದು ಕಡಲ ಕಡೆಗೆ ಹೋದರು. ಊಟಕ್ಕೂ ತಡವಾಗಿ ಬಂದರು.

ಪೆಟ್ಟಿಗೆಯ ಒಳಗಿನದನ್ನು ನಿಮ್ಮ ಅಜ್ಜ ಬಿಡಿಸಿ, ಕಿಲುಬು ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಅಲ್ಲಿ ಒಣಮೀನು, ಹುಳಿಗೆ ಹಾಕುವ ಮುರುಗಲ ಸಿಪ್ಪೆ, ಮಗುವಿನ ಬಟ್ಟೆ. ಅವುಗಳ ನಡುವೆ ಅದು ದಿನಗಟ್ಟಲೆ ಬೆಚ್ಚಗೆ ಕುಳಿತಿತು. ಹಾಳಾದ ಒಂದೆರಡು ಸಣ್ಣ ಸಾಮಾನಿಗೆ ಇಸ್ಮಾಯಿಲ್ ಸಾಹೇಬರಿಗೆ ಹೇಳಿ ಕಳಿಸಿದರು. ಅವು ಬರುವಾಗ ಶ್ರಾವಣ ಹಿಡಿದಿತ್ತು. ಹುಣ್ಣಿಮೆಗೆ ದಿನ ಹತ್ತಿರವಾಗಿ, ಕೇರಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದರು. ಮಾವ ತಮ್ಮ ದೋಣಿಯಲ್ಲಿ ಮಗ ಕೂರುವ ಜಾಗದ ಹಲಗೆ ಬದಲಾಯಿಸುತ್ತಿದ್ದರು. ಆ ಉಳಿಯ ಸದ್ದು ಕೇಳಿದಾಗ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ನಿಮ್ಮ ಅಜ್ಜ ಒಳಗಿನ ಸಾಮಾನು ಜೋಡಿಸಿ, ಪೆಟ್ಟಿಗೆ ಮುಚ್ಚದೆ ಜಗಲಿಯಲ್ಲಿಟ್ಟು, ಸಣ್ಣ ಡ್ರಿಲ್ಲು ತರುತ್ತೇನೆ ಎಂದು ಹೊನ್ನಾವರಕ್ಕೆ ಹೋದರು. ತೂತಿನೊಳಗಿನ ರಾಳ ಕಲ್ಲಾಗಿತ್ತು. ಮೊಳೆಯಿಂದ ಹೊಡೆದರೆ ಎರಕ ಸೀಳುತ್ತದೆ ಎನ್ನುವ ಹೆದರಿಕೆ. ಅವರು ಹೋದ ಮೇಲೆ ಹೊಳೆಯಲ್ಲಿ ಗಾಳಿ ಎದ್ದಿತು. ಇವತ್ತು ವಾಪಸು ಬರುವುದು ಕಷ್ಟ ಅನಿಸಿತು.

ಆಗ ಜಗಲಿಯಿಂದ ಸ್ವರ ಬಂತು. "ತಂಗೀ."

ಅತ್ತೆ ಹಿತ್ತಲಲ್ಲಿದ್ದರು. ಯಾರನ್ನು ಕರೆದದ್ದು ಎಂದು ನನಗೆ ತಿಳಿಯಲಿಲ್ಲ.

"ನಿನ್ನನ್ನೇ. ಇಲ್ಲಿ ಬಾ. ಇದನ್ನು ಗಟ್ಟಿ ಹಿಡಿ."

ಮಾವ ಬೈರಿಗೆ ತಂದಿದ್ದರು. ದೋಣಿಯ ಹಲಗೆಗೆ ತೂತು ಕೊರೆಯುವ, ಹಗ್ಗ ಸುತ್ತಿ ಎಳೆಯುವ ಹಳೆಯ ಬೈರಿಗೆ. ಒಳಗಿನ ಸಾಮಾನಿನ ಮೇಲೆ ಬಟ್ಟೆ ಮುಚ್ಚಿ ಪೆಟ್ಟಿಗೆಯನ್ನು ಬೋರಲು ಹಾಕಿ ಕೊಟ್ಟರು. ನಾನು ಎರಡೂ ಕೈಯಲ್ಲಿ ಹಿಡಿದು ಕುಳಿತೆ.

"ಎಲ್ಲಿ ಕೊರೀಲಿ? ನೀನೇ ಹೇಳು."

ಬೇಕೆಂದೇ ಕೇಳಿದ್ದು. ರಾಳದ ಗುರುತು ಅವರ ಕಣ್ಣೆದುರೇ ಇತ್ತು. ನಾನು ತಲೆ ಎತ್ತದೆ ಹೇಳಿದೆ. "ಮೊದ್ಲು ಇದ್ದಲ್ಲೇ, ಮಾವಾ. ಅಡಿಗೆ."

"ಅಡಿಗೆ" ಎಂದು ಅವರೂ ಒಮ್ಮೆ ಹೇಳಿದರು, ಔಷಧಿ ನುಂಗಿದ ಹಾಗೆ. "ಹುಟ್ಟಿದಾಗಿಂದ ಅಡಿಯ ತೂತು ಮುಚ್ಚಿದವ ನಾನು. ಕೊರೆದವ ಅಲ್ಲ."

ಬೈರಿಗೆಯ ಮೊನೆ ಇಟ್ಟರು. ಆದರೆ ಹಗ್ಗ ಎಳೆಯಲಿಲ್ಲ. ಹಾಗೇ ಹಿಡಿದು, ನನ್ನ ಕಡೆ ನೋಡದೆ ಹೇಳಿದರು: "ನಿನ್ನ ಅಪ್ಪನ ದೋಣಿಗೂ ರಾಳ ಹೊಡೆದವ ನಾನೇ. ತದಡಿಗೆ ಬಂದು ಎರಡು ದಿವಸ ಕೂತು ಹೊಡೆದದ್ದು. ಅದು ಸೋರಿ ಮುಳುಗಿದ್ದಲ್ಲ ತಂಗಿ. ಆ ದಿವಸದ ಗಾಳಿ ಅಂಥಾದ್ದು, ಮಗುಚಿ ಹಾಕ್ತು. ದೋಣಿ ಆಮೇಲೆ ದಡಕ್ಕೆ ಬಂದಾಗ ನಾನೇ ಹೋಗಿ ನೋಡ್ದೆ. ಒಂದು ಸಂದಿಯೂ ಬಿಟ್ಟಿರಲಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯ ಹಿಡಿತ ಮರೆತು ಅವರನ್ನೇ ನೋಡಿದೆ.

"ಗಟ್ಟಿ ಹಿಡಿ ಅಂದೆ" ಎಂದು ಗದರಿ, ಹಗ್ಗ ಎಳೆದರು. ಬೈರಿಗೆ ಗಿರ್ರೆಂದು ತಿರುಗಿತು. ರಾಳದ ಪುಡಿ ಹಳದಿಯಾಗಿ ಉದುರಿತು. ಬಿಸಿಯಾದ ರಾಳದ ವಾಸನೆ ಮತ್ತೊಮ್ಮೆ ಎದ್ದಿತು. ಮೊನೆ ಆಚೆ ಬಂದಾಗ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. "ಇರುವೆ ಹೋಗ್ತದೆ" ಎಂದು ಎದ್ದು ಹೋಗಿ, ಅತ್ತೆಯ ಹಳೆಯ ಚಹಾ ಸೋಸುವ ಜಾಲರಿ ಕತ್ತರಿಸಿ ಒಂದು ಚೂರನ್ನು ಒಳಗಡೆ ಅಂಟಿಸಿದರು. ಅತ್ತೆ ಆ ಚೂರಿಗಾಗಿ ವರ್ಷ ಪೂರ್ತಿ ಬೈದರು.

ನಿಮ್ಮ ಅಜ್ಜ ಮರುದಿನ ಬೆಳಿಗ್ಗೆ ಡ್ರಿಲ್ಲು ಹಿಡಿದು ಬಂದರು. ಪೆಟ್ಟಿಗೆ ಮುಚ್ಚಿ ತಯಾರಾಗಿತ್ತು, ಅಡಿಯಲ್ಲಿ ತೂತು. "ಯಾರು ಮಾಡಿದ್ದು?" ಎಂದು ಕೇಳಿದರು. ನಾನು ದೋಣಿಯ ಹತ್ತಿರ ಇದ್ದ ಮಾವನ ಕಡೆ ಕಣ್ಣಲ್ಲೇ ತೋರಿಸಿದೆ. ಅವರು ಪೆಟ್ಟಿಗೆ ಎತ್ತಿಕೊಂಡರು. ಏಣಿ ಹತ್ತಿದರು.

ಮಧ್ಯಾಹ್ನ ಕೇರಿಯೆಲ್ಲ ಹೊಸ ಬಟ್ಟೆಯಲ್ಲಿ ದಡಕ್ಕೆ ಹೋಯಿತು. ಮಾವ ಕುಂಕುಮ ಹಚ್ಚಿದ ಕಾಯಿಯನ್ನು ಎರಡೂ ಕೈಯಲ್ಲಿ ಕಡಲಿಗೆ ಬಿಟ್ಟು, ಬಾಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಮಗುವನ್ನು ಎತ್ತಿಕೊಂಡು ದೂರದಲ್ಲಿ ನಿಂತಿದ್ದೆ. ಕಾಯಿ ಮೂರು ಸಲ ದಡಕ್ಕೆ ಬಂತು, ಆಮೇಲೆ ಹೋಯಿತು.

ಸಂಜೆ ಕರೆಂಟು ಇತ್ತು. ನಿಮ್ಮ ಅಜ್ಜ ಅಂಗಳದಲ್ಲಿ, ನಾನು ಟೀವಿಯ ಮುಂದೆ. ಅತ್ತೆ ಇನ್ನೂ ದಡದಲ್ಲೇ ಯಾರ ಜೊತೆಯೋ ಮಾತಿಗೆ ನಿಂತಿದ್ದರು. ಗುಂಡಿ ತಿರುಗಿಸಿದೆ. ಚುಕ್ಕಿ. ಚುಕ್ಕಿ. ಹೊರಗೆ ಬುಟ್ಟಿ ಕಿರ್ರೆಂದಿತು. ಚುಕ್ಕಿಗಳ ಹಿಂದೆ ಒಂದು ನೆರಳು ಬಂದು, ನೆರಳಿಗೆ ಕಣ್ಣು ಬಂದು, ಕಣ್ಣಿಗೆ ಕಾಡಿಗೆ ಬಂತು.

"ಬಂತು!" ಎಂದು ನಾನು ಕೂಗಿದ್ದು ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಮಗು ಬೆಚ್ಚಿ ಅತ್ತಿತು. ಅಂಗಳದಲ್ಲಿ ನಿಮ್ಮ ಅಜ್ಜ ನಗುತ್ತಿದ್ದದ್ದು ಕೇಳಿಸಿತು.

ಆ ಸಂಜೆ ಮಾವ ಮೊದಲ ಸಲ ಒಳಗೆ ಬಂದು ಕುಳಿತರು. ಕೇರಿಯವರು ಸರಿದು ಜಾಗ ಕೊಟ್ಟರು. ವಾರ್ತೆಯ ಕೊನೆಗೆ ಹವಾಮಾನ ಬಂತು. ಉಪಗ್ರಹ ಮೇಲಿನಿಂದ ತೆಗೆದ ಚಿತ್ರ, ಕಪ್ಪು ನೆಲದ ಮೇಲೆ ಹತ್ತಿ ಹರವಿದ ಹಾಗೆ ಮೋಡ.

"ಇದೆಂತ?" ಎಂದರು ಮಾವ.

ನಿಮ್ಮ ಅಜ್ಜ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟರು. "ಇದು ನಮ್ಮ ದೇಶ ಅಪ್ಪಾ. ಈ ಅಂಚು ನಮ್ಮ ದಡ. ಇಲ್ಲಿ ಹೊನ್ನಾವರ ಅಂತ ಇಟ್ಕ. ಇದು ಕಡಲು. ಈ ಬೆಳ್ಳಗಿದ್ದದ್ದೆಲ್ಲ ಮೋಡ."

"ಇವತ್ತಿನದಾ?"

"ಇವತ್ತಿನದೇ."

ಮಾವ ಮುಂದೆ ಸರಿದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ದಡದ ಅಂಚಿನ ಪಡುವಣಕ್ಕೆ ಒಂದು ಬಿಳಿ ಮುದ್ದೆ ಇತ್ತು. ಅದನ್ನು ನೋಡಿದರು. ಚಿತ್ರ ಹೋಗಿ ಬೇರೆ ಏನೋ ಬಂದರೂ ಅಲ್ಲೇ ಇದ್ದರು. ಯಾರೋ ಹಿಂದಿನಿಂದ, "ಮುದುಕಾ, ತಲೆ ತೆಗಿ" ಎಂದರು. ಅವರು ತಿರುಗಿ ಕುಳಿತಾಗ ಎಲ್ಲರ ಕಣ್ಣೂ ಅವರ ಮೇಲೆ. ಪಂಥ ಎಲ್ಲರಿಗೂ ಗೊತ್ತಿತ್ತು.

"ನಾಳೆ ಬೆಳಿಗ್ಗೆ ದೋಣಿ ಬಿಡೂದಿಲ್ಲ" ಎಂದರು. "ಆ ಮೋಡ ಸರೀಲಿ. ನಾಡಿದ್ದು ನೋಡ್ವ." ಆಮೇಲೆ ಮಗನ ಕಡೆ ನೋಡಿದರು. "ದೋಣಿಗೆ ಜನ ನಾ ನೋಡ್ಕಂತೆ, ನನ್ನ ಅಕ್ಕನ ಮಗ ಇದ್ದಾ. ನೀ ಮೋಡ ನೋಡ್ಕ."

ನಿಮ್ಮ ಅಜ್ಜ "ಆತು" ಎಂದರು. ಅವತ್ತಿನ ಆತುವೇ ಬೇರೆ.

ನಾನು ಬಾಗಿಲ ಹಿಂದೆ, ನನ್ನ ಜಾಗದಲ್ಲಿ ನಿಂತಿದ್ದೆ. ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದ್ದೆ ಅಷ್ಟೇ. ಅಷ್ಟು ಜನರ ತಲೆಯ ಮೇಲಿಂದ, ಅತ್ತೆ ಅಲ್ಲೇ ಎದುರಿಗೆ ಕುಳಿತಿದ್ದರೂ ಅವರನ್ನು ದಾಟಿ, ಮಾವನ ಸ್ವರ ನೇರವಾಗಿ ನನ್ನ ಹತ್ತಿರ ಬಂತು.

"ತಂಗೀ, ಚಾ ಅದ್ಯಾ?"

"ಅದೆ ಮಾವಾ" ಎಂದೆ, ಎಲ್ಲರಿಗೂ ಕೇಳುವ ಹಾಗೆ.